ಹಳೆಯ ಬೆಳ್ಳಿ ರೂಪಾಯಿ ಸಿಕ್ಕಿದೆಯಾ? ಬೆಲೆ ಕೇಳುವ ಮೊದಲು ಹೀಗೆ ನೋಡಿ

ಮೊದಲೇ ಹೇಳಿಬಿಡುತ್ತೇನೆ, ನಾಣ್ಯವನ್ನು ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್, ಪಾತ್ರೆ ಬೆಳಗುವ ಪುಡಿ, ಯಾವುದೂ ಬೇಡ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ. ಯಾಕೆ ಅನ್ನೋದು ಮುಂದೆ ಬರುತ್ತದೆ, ಆದರೆ ಇದನ್ನು ಓದಿ ಮುಗಿಸುವಷ್ಟರಲ್ಲಿ ಯಾರಾದರೂ ಉತ್ಸಾಹದಿಂದ ಉಜ್ಜಿಬಿಟ್ಟರೆ ಕಷ್ಟ.

ದೇವರ ಪೆಟ್ಟಿಗೆ, ಕಲಶದ ತಳ, ಅಜ್ಜಿಯ ಟ್ರಂಕು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ನಮ್ಮ ಮನೆಗಳಲ್ಲಿ ಸಿಗುವುದು ಇಂಥ ಕಡೆಯೇ. ಸಿಕ್ಕ ತಕ್ಷಣ ಎಲ್ಲರೂ ಕೇಳುವುದು, "ಇದಕ್ಕೆ ಎಷ್ಟು ಬರುತ್ತೆ?" ನೂರು ವರ್ಷ ಹಳೆಯದು, ಹಾಗಾಗಿ ಲಕ್ಷವಾದರೂ ಬರಬೇಕು ಅಂತ ಮನಸ್ಸಿನಲ್ಲೇ ಒಂದು ಲೆಕ್ಕ. ಬರೀ ವಯಸ್ಸಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅಂಥದ್ದು ಎಷ್ಟು ಉಳಿದಿವೆ, ನಿಮ್ಮ ಕೈಯಲ್ಲಿರುವುದು ಯಾವ ಸ್ಥಿತಿಯಲ್ಲಿದೆ, ಅದನ್ನು ಯಾರಾದರೂ ಏನಾದರೂ ಮಾಡಿ ಕೆಡಿಸಿದ್ದಾರಾ, ಇಷ್ಟರ ಮೇಲೆ ಬೆಲೆ ನಿಂತಿರುತ್ತದೆ. ಈ ಮೂರನ್ನೂ ಮನೆಯಲ್ಲೇ ಕೂತು ಬಹುಮಟ್ಟಿಗೆ ತಿಳಿದುಕೊಳ್ಳಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ, ಒಂದು ಅಯಸ್ಕಾಂತ, ಒಂದು ಟೇಬಲ್ ಲ್ಯಾಂಪ್ ಇದ್ದರೆ ಸಾಕು.

ಯಾವ ರೂಪಾಯಿ ಅಂತ ಗುರುತಿಸಿ

ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಬೆರಳಿನ ಬೆವರು ಮುಖದ ಮೇಲೆ ಕೂತರೆ ಕಲೆ ಉಳಿಯುತ್ತದೆ. ಕೆಳಗೆ ಒಂದು ಮೆತ್ತನೆಯ ಬಟ್ಟೆ ಹಾಸಿಕೊಳ್ಳಿ, ಜಾರಿ ಬಿದ್ದರೆ ನೂರು ವರ್ಷದಲ್ಲಿ ಆಗದ ಪೆಟ್ಟು ಇವತ್ತು ಆಗುತ್ತದೆ.

1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ಬಗೆಯ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಹಳಬರು ಬಂಗಾರವನ್ನು ರೂಪಾಯಿ ತೂಕದಲ್ಲಿ ಲೆಕ್ಕ ಹಾಕುತ್ತಿದ್ದುದು ಇದರಿಂದಲೇ. ಬೆಳ್ಳಿ ಶೇಕಡ 91.7, ಉಳಿದದ್ದು ತಾಮ್ರ. ಮೊದಲು ನಾಲ್ಕನೇ ವಿಲಿಯಂ ಮುಖ, 1840ರಿಂದ ಎಳೆಯ ವಿಕ್ಟೋರಿಯಾ. 1862ರಿಂದ ಕಂಪನಿಯ ಹೆಸರು ಹೋಗಿ ಕಿರೀಟ ತೊಟ್ಟ ರಾಣಿ ಬಂದಳು, ಸುತ್ತ 'ವಿಕ್ಟೋರಿಯಾ ಕ್ವೀನ್' ಅಂತ ಬರಹ. 1877ರಿಂದ ಅದೇ 'ವಿಕ್ಟೋರಿಯಾ ಎಂಪ್ರೆಸ್' ಆಯಿತು, 1901ರ ತನಕ. 1903ರಿಂದ 1910ರವರೆಗೆ ಕಿರೀಟವಿಲ್ಲದ, ಗಡ್ಡದ ಏಳನೇ ಎಡ್ವರ್ಡ್. 1911ರಿಂದ ಕಿರೀಟ, ನಿಲುವಂಗಿ ತೊಟ್ಟ ಐದನೇ ಜಾರ್ಜ್. ಕೊನೆಗೆ ಗಡ್ಡವಿಲ್ಲದ ಆರನೇ ಜಾರ್ಜ್.

ಇಲ್ಲಿ ಒಂದು ವಿಚಿತ್ರ ಇದೆ. 1840 ಅಂತ ಬರೆದ ರೂಪಾಯಿಗಳೆಲ್ಲ ಅದೇ ವರ್ಷ ಅಚ್ಚಾದವಲ್ಲ. 1862ರದ್ದೂ ಹಾಗೇ. ಹತ್ತಕ್ಕೂ ಹೆಚ್ಚು ವರ್ಷ ಇಸವಿ ಬದಲಿಸದೆ ಅದೇ 1862 ಒತ್ತುತ್ತಾ ಹೋದರು. ಹಾಗಾಗಿ "1862ರ ನಾಣ್ಯ, ಅಪರೂಪ" ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಧಾರಾಳವಾಗಿ ಸಿಗುವ ರೂಪಾಯಿ. ಆದರೆ ಅದರಲ್ಲೇ ಇಸವಿಯ ಹತ್ತಿರ ಸಣ್ಣ ಸಣ್ಣ ಚುಕ್ಕಿ ಇರುವ ಬಗೆಗಳಿವೆ. ಆ ಚುಕ್ಕಿ ಎಣಿಸಿ ಸಂಗ್ರಹಿಸುವವರೂ ಇದ್ದಾರೆ, ಕೆಲವಕ್ಕೆ ಒಳ್ಳೆಯ ಬೇಡಿಕೆಯೂ ಇದೆ. ಆದ್ದರಿಂದ 1862 ಕೈಗೆ ಬಂದರೆ ಭೂತಗನ್ನಡಿ ಹಿಡಿದು ಇಸವಿಯ ಮೇಲೆ, ಕೆಳಗೆ ಚುಕ್ಕಿ ಇದೆಯಾ ಅಂತ ನೋಡಿಯೇ ಪಕ್ಕಕ್ಕಿಡಿ.

ಐದನೇ ಜಾರ್ಜ್ ರೂಪಾಯಿಯಲ್ಲಿ, ಇಸವಿ ಇರುವ ಬದಿಯ ತಳದ ಕಮಲದ ಹೂವಿನ ಕೆಳಗೆ ಒಂದು ಚುಕ್ಕಿ ಇದ್ದರೆ ಅದು ಬಾಂಬೆ ಟಂಕಸಾಲೆಯದ್ದು, ಏನೂ ಇಲ್ಲದಿದ್ದರೆ ಕಲ್ಕತ್ತದ್ದು. ಆರನೇ ಜಾರ್ಜ್ ನಾಣ್ಯದಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಕಂಡರೆ ಲಾಹೋರ್.

1917, 1918, 1919 ಇಸವಿಯ ರೂಪಾಯಿ ಪ್ರತಿ ಎರಡನೇ ಮನೆಯಲ್ಲೂ ಸಿಗುತ್ತದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬೆಳ್ಳಿ ರೂಪಾಯಿಗೆ ಎಷ್ಟು ಬೇಡಿಕೆ ಇತ್ತೆಂದರೆ ಬ್ರಿಟಿಷರ ಹತ್ತಿರ ಬೆಳ್ಳಿ ಸಾಲದೆ, 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ ತನ್ನ ಬೆಳ್ಳಿ ಡಾಲರುಗಳನ್ನೇ ಕರಗಿಸಿ ಕೊಡಬೇಕಾಯಿತು. ಆ ಬೆಳ್ಳಿ ಇಲ್ಲಿ ಕೋಟಿಗಟ್ಟಲೆ ರೂಪಾಯಿಯಾಯಿತು. ಇತಿಹಾಸ ಚೆನ್ನಾಗಿದೆ, ಆದರೆ ಸವೆದ 1918ಕ್ಕೆ ಬೆಳ್ಳಿಯ ದರಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ.

ಇನ್ನು ಎಲ್ಲರೂ ಕೇಳುವ 'ಹಂದಿ ರೂಪಾಯಿ'. 1911ರ ನಾಣ್ಯದಲ್ಲಿ ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಸೊಂಡಿಲು ಮೋಟಾಗಿ ಕೆತ್ತಿದ್ದರಿಂದ ಅದು ಜನರ ಕಣ್ಣಿಗೆ ಹಂದಿಯ ಹಾಗೆ ಕಂಡಿತು, ಗಲಾಟೆ ಆಯಿತು, 1912ರಿಂದ ಸೊಂಡಿಲು ಉದ್ದ ಮಾಡಿದರು. ಅಂದರೆ 1911 ಅಂತಿದ್ದರೆ ಸೊಂಡಿಲು ಮೋಟಾಗಿಯೇ ಇರಬೇಕು. ಇಸವಿ 1911, ಸೊಂಡಿಲು ಮಾತ್ರ ಉದ್ದ ಅಂದರೆ ಇಸವಿಯನ್ನು ಯಾರೋ ತಿದ್ದಿರಬಹುದು. ನನ್ನ ಲೆಕ್ಕದಲ್ಲಿ ಈ ನಾಣ್ಯಕ್ಕೆ ಇರುವ ಹೆಸರು ಅದರ ಅಪರೂಪಕ್ಕಿಂತ ದೊಡ್ಡದು. ಮಾಮೂಲಿ ಜಾರ್ಜ್ ರೂಪಾಯಿಗಿಂತ ಜಾಸ್ತಿ ಬೆಲೆ ಬರುತ್ತದೆ ನಿಜ, ಆದರೆ ಹುಡುಕಿದರೆ ಸಿಗುವ ನಾಣ್ಯವೇ. ನಿಜವಾಗಿ ಅಪರೂಪದ್ದು 1939ರ ರೂಪಾಯಿ. ಅದಕ್ಕೇ 1938ರ ಎಂಟನ್ನು ಕೆತ್ತಿ ಒಂಬತ್ತು ಮಾಡುವವರು ಇದ್ದಾರೆ. ಆ ಕೊನೆಯ ಅಂಕಿಯ ಸುತ್ತ ಲೋಹ ಉಜ್ಜಿದ ಹಾಗಿದೆಯಾ, ಪಕ್ಕದ ಅಂಕಿಗಳಿಗೂ ಅದಕ್ಕೂ ಎತ್ತರ, ದಪ್ಪ ಹೊಂದುತ್ತದಾ ಅಂತ ನೋಡಿ. ಮನೆಯಲ್ಲಿ ಸಿಕ್ಕಿದ್ದು 1939 ಅನ್ನಿಸಿದರೆ ಬಲ್ಲವರಿಗೆ ತೋರಿಸದೆ ಕೊಡಲೂಬೇಡಿ, ಕೊಳ್ಳಲೂಬೇಡಿ.

1940ರಿಂದ ಲೆಕ್ಕವೇ ಬೇರೆ. ಬೆಳ್ಳಿಯನ್ನು ಶೇಕಡ 50ಕ್ಕೆ ಇಳಿಸಿದರು. ಉಳಿದದ್ದು ತಾಮ್ರ, ನಿಕಲ್, ಸತು. ಅಂಚನ್ನು ನೋಡಿದರೆ ಗೊತ್ತಾಗುತ್ತದೆ, ಬರೀ ಗೀರುಗಳ ಬದಲು ಮಧ್ಯದಲ್ಲಿ ಒಂದು ಕಾಲುವೆ, ಅದರೊಳಗೆ ನಮೂನೆ. ತೂಕ ಅಷ್ಟೇ, ಬೆಳ್ಳಿ ಮಾತ್ರ ಅರ್ಧ. 1947ರ ಹುಲಿ ಚಿತ್ರದ ರೂಪಾಯಿಯಲ್ಲಂತೂ ಬೆಳ್ಳಿ ಇಲ್ಲವೇ ಇಲ್ಲ, ಪೂರ್ತಿ ನಿಕಲ್. ಅಯಸ್ಕಾಂತಕ್ಕೆ ಟಕ್ ಅಂತ ಅಂಟುತ್ತದೆ.

ಅಸಲಿಯಾ?

ಬೆಳ್ಳಿ ರೂಪಾಯಿ ಅಯಸ್ಕಾಂತಕ್ಕೆ ಅಂಟಿದರೆ ಅದು ನಕಲಿ. ಆದರೆ ಅಂಟಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಲ್ಲ. ಹಿತ್ತಾಳೆ, ಹೆಸರಲ್ಲಿ ಮಾತ್ರ ಬೆಳ್ಳಿ ಇರುವ ಜರ್ಮನ್ ಸಿಲ್ವರ್ ಕೂಡ ಅಂಟುವುದಿಲ್ಲ. ಹಾಗಾಗಿ ತೂಕ ನೋಡಿ. ಚಲಾವಣೆಯಲ್ಲಿ ಸವೆದ ರೂಪಾಯಿ 11.5, 11.6 ಗ್ರಾಂ ಆಸುಪಾಸು ಬರುತ್ತದೆ. ತುಂಬಾ ಸವೆದಿದ್ದರೆ ಇನ್ನೂ ಸ್ವಲ್ಪ ಕಡಿಮೆ. ಸವೆತ ಕಾಣದ ನಾಣ್ಯ 10.8 ತೂಗಿದರೆ, ಅಥವಾ ಯಾವುದೇ ರೂಪಾಯಿ 12 ದಾಟಿದರೆ, ಏನೋ ಸರಿಯಿಲ್ಲ. ಎಂಟಾಣೆ, ನಾಲ್ಕಾಣೆ ಬೆಳ್ಳಿಯದ್ದಾದರೆ ಇದರ ಅರ್ಧ, ಕಾಲು: 5.83 ಮತ್ತು 2.92 ಗ್ರಾಂ.

ತೂಕವೂ ಸರಿ ಇದೆ, ಆದರೂ ಅನುಮಾನ ಹೋಗಿಲ್ಲ ಅಂದರೆ ನೀರಿನ ಪರೀಕ್ಷೆ ಮಾಡಿ. ಇದಕ್ಕೆ ನಾಣ್ಯವನ್ನು ಗೀರಬೇಕಾಗಿಲ್ಲ, ಆಸಿಡ್ ಬೇಡ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿಕೊಳ್ಳಿ. ನಾಣ್ಯಕ್ಕೆ ತೆಳ್ಳನೆಯ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕಾಗಲಿ ಲೋಟದ ಗೋಡೆಗಾಗಲಿ ತಾಗಬಾರದು, ಮೇಲೆ ಗಾಳಿಯ ಗುಳ್ಳೆ ಅಂಟಿಕೊಂಡಿರಬಾರದು. ಈಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ಉದಾಹರಣೆಗೆ ನಾಣ್ಯ 11.60 ಗ್ರಾಂ, ನೀರಿನಲ್ಲಿ ಇಳಿಬಿಟ್ಟಾಗ ತಕ್ಕಡಿಯಲ್ಲಿ 1.12. ಭಾಗಿಸಿದರೆ 10.36 ಬಂತು. 91.7ರ ಬೆಳ್ಳಿಗೆ 10.3ರ ಹತ್ತಿರ ಬರಬೇಕು, ಸರಿಯಾಗಿದೆ. 1940ರ ನಂತರದ ಅರ್ಧ ಬೆಳ್ಳಿಯ ರೂಪಾಯಿಗೆ 9.5ರ ಸುಮಾರು. 8.5ರ ಹತ್ತಿರ ಬಂದರೆ ಅದು ಬೆಳ್ಳಿ ಬಳಿದ ಹಿತ್ತಾಳೆಯೋ ಜರ್ಮನ್ ಸಿಲ್ವರೋ, ಒಟ್ಟಿನಲ್ಲಿ ಬೆಳ್ಳಿ ಅಲ್ಲ. ಪರೀಕ್ಷೆ ಮುಗಿದ ಮೇಲೆ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ.

ಅಂಗಡಿಗೆ ಒಯ್ದು ಒರೆಗಲ್ಲಿಗೆ ಹಚ್ಚಿಸುವುದು, ಅಂಚನ್ನು ಅರದಲ್ಲಿ ಸ್ವಲ್ಪ ತೀಡಿಸಿ ನೋಡುವುದು ದಯವಿಟ್ಟು ಬೇಡ. ಚಿನಿವಾರರಿಗೆ ಅದು ಬರೀ ಬೆಳ್ಳಿ, ತೀಡಿದರೆ ಅವರಿಗೇನೂ ನಷ್ಟವಿಲ್ಲ. ನಿಮ್ಮ ನಾಣ್ಯಕ್ಕೆ ಇದೆ.

ಕಣ್ಣಿಗೂ ಕೆಲಸ ಕೊಡಿ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರಗಳ ಅಂಚು ಕರಗಿದ ಹಾಗೆ ಮೊಂಡಾಗಿರುತ್ತದೆ, ಸಪಾಟು ಜಾಗದಲ್ಲಿ ಸೂಜಿಮೊನೆಯಂಥ ತೂತುಗಳಿರುತ್ತವೆ, ಅಂಚಿನ ಸುತ್ತ ಒಂದು ಬೆಸುಗೆಯ ಗೆರೆ ಇರಬಹುದು ಅಥವಾ ಅದನ್ನು ಅರ ಹಾಕಿ ಅಳಿಸಿದ ಗುರುತು ಇರಬಹುದು. ಅಚ್ಚೊತ್ತಿದ ಅಸಲಿಯಲ್ಲಿ ಸವೆದಿದ್ದರೂ ಅಕ್ಷರದ ಬುಡ ಚೂಪಾಗಿಯೇ ನಿಂತಿರುತ್ತದೆ.

ಇದೆಲ್ಲ ಬಿಟ್ಟು ಇನ್ನೊಂದು ಜಾತಿ ಇದೆ. 1818 ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, 'ಹಾಫ್ ಆನಾ', ಇನ್ನೊಂದು ಕಡೆ ರಾಮ, ಸೀತೆ, ಹನುಮಂತ. ಕಂಪನಿ ಇಂಥ ನಾಣ್ಯ ಹೊರಡಿಸಿಯೇ ಇಲ್ಲ. ಇವು ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆಗಳು. ಅಕ್ಕಿಕಾಳನ್ನು ಎಳೆಯುತ್ತದೆ, 'ರೈಸ್ ಪುಲ್ಲರ್', ಕೋಟಿ ಬೆಲೆ ಅಂತ ಹೇಳಿಕೊಂಡು ಬರುವವರು ಶುದ್ಧ ಮೋಸಗಾರರು. ದೇವರ ಮನೆಯಲ್ಲಿ ಇಟ್ಟು ಪೂಜೆ ಮಾಡಿ, ಬೇಡ ಅನ್ನುವುದಿಲ್ಲ, ಆದರೆ ಅದರ ಮೇಲೆ ದುಡ್ಡು ಹಾಕಬೇಡಿ.

ಎಷ್ಟು ಸವೆದಿದೆ?

ಲ್ಯಾಂಪ್ ಒಂದೇ ಬದಿಯಿಂದ ಬೀಳುವ ಹಾಗೆ ಇಟ್ಟುಕೊಂಡು ನಾಣ್ಯವನ್ನು ನಿಧಾನವಾಗಿ ಆಚೆ ಈಚೆ ವಾಲಿಸಿ. ಸವೆತ ಯಾವಾಗಲೂ ಎತ್ತರದ ಜಾಗದಿಂದ ಶುರುವಾಗುತ್ತದೆ. ವಿಕ್ಟೋರಿಯಾಳಲ್ಲಿ ಕೆನ್ನೆ, ಕೂದಲ ಎಳೆ, ಎದೆಯ ಮೇಲಿನ ಕಸೂತಿ. ಎಡ್ವರ್ಡನಲ್ಲಿ ಕಿವಿಯ ಮೇಲಿನ ಕೂದಲು ಮತ್ತು ಗಡ್ಡ.

ಐದನೇ ಜಾರ್ಜನನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ಹೆಚ್ಚಿನವರ ಕೈಯಲ್ಲಿರುವುದು ಅದೇ. ಮೂರು ಜಾಗ ಸಾಕು: ಕಿರೀಟದ ಮುತ್ತು, ಹುಬ್ಬು ಮೀಸೆಯ ಎಳೆ, ನಿಲುವಂಗಿಯ ಮೇಲಿನ ಆ ಆನೆ. ಕಿರೀಟ ಬರೀ ಒಂದು ಆಕಾರ, ಅಂಗಿ ನುಣ್ಣಗೆ, ಆನೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ ಅಂದರೆ ಅದು ಪೂರ್ತಿ ಸವೆದ ನಾಣ್ಯ, ಡೀಲರುಗಳು 'ಗುಡ್' ಅಂತಲೋ 'ವೆರಿ ಗುಡ್' ಅಂತಲೋ ಕರೆಯುವುದು. ಹೆಸರು ಕೇಳಿ ಖುಷಿಪಡಬೇಡಿ, ಈ ಲೋಕದಲ್ಲಿ 'ಗುಡ್' ಅಂದರೆ ತೀರಾ ಕೆಳಗಿನ ಮೆಟ್ಟಿಲು. ಆನೆಯ ಮೈ ಒಂದು ಉಬ್ಬಿನ ಹಾಗೆ ಕಾಣುತ್ತದೆ, ಕಿರೀಟದ ಮುತ್ತು ಅಲ್ಲಲ್ಲಿ ಕೂಡಿಕೊಂಡಿವೆ ಅಂದರೆ 'ಫೈನ್'. ಆನೆ ಆನೆಯಾಗಿಯೇ ಕಾಣುತ್ತದೆ, ಮುತ್ತು ಹೆಚ್ಚುಕಡಿಮೆ ಎಣಿಸಬಹುದು, ಕೆನ್ನೆ, ಕಿವಿ ಮಾತ್ರ ಸಪಾಟಾಗಿದೆ ಅಂದರೆ 'ವೆರಿ ಫೈನ್', ಅಂದರೆ ವಿಎಫ್. ಮೀಸೆಯ ಎಳೆ ಬಿಡಿಬಿಡಿಯಾಗಿ ಉಳಿದು, ತೀರಾ ಎತ್ತರದ ಜಾಗ ಮಾತ್ರ ತುಸು ಮಂಕಾಗಿದ್ದರೆ 'ಎಕ್ಸ್‌ಟ್ರಾ ಫೈನ್', ಎಕ್ಸ್‌ಎಫ್.

ಅದರ ಮೇಲೆ 'ಎಯು', ಬಹುತೇಕ ಚಲಾವಣೆಯಾಗದ್ದು, ಆಮೇಲೆ 'ಯುಎನ್‌ಸಿ', ಚಲಾವಣೆಯನ್ನೇ ಕಾಣದ್ದು. ಇಲ್ಲಿ ನೋಡಬೇಕಾದ್ದು ಹೊಳಪು. ಟಂಕಸಾಲೆಯಿಂದ ಬಂದ ನಾಣ್ಯವನ್ನು ಬೆಳಕಿನಲ್ಲಿ ತಿರುಗಿಸಿದರೆ ಬೆಳಕಿನ ಪಟ್ಟಿಗಳು ಗಾಡಿ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತವೆ. ಎಯು ನಾಣ್ಯದಲ್ಲಿ ಆ ಹೊಳಪು ಅಕ್ಷರಗಳ ನಡುವಿನ ಸಂದಿಯಲ್ಲಿ ಉಳಿದಿರುತ್ತದೆ, ಕೆನ್ನೆಯ ಮೇಲೆ ಕಡಿದು ಹೋಗಿರುತ್ತದೆ. ಯುಎನ್‌ಸಿಯಲ್ಲಿ ಎಲ್ಲೂ ಕಡಿಯುವುದಿಲ್ಲ. ಒಂದರ ಮೇಲೊಂದು ಬಿದ್ದು ಆದ ಸಣ್ಣ ಗೀರುಗಳು ಇದ್ದರೂ ಅದು ಸವೆತ ಅಲ್ಲ.

ಕೆಲವು ಸಲ ಅಚ್ಚೇ ಸರಿಯಾಗಿ ಬಿದ್ದಿರುವುದಿಲ್ಲ, ಹೊಸ ನಾಣ್ಯದಲ್ಲೂ ಆನೆ ಮಸುಕು. ಸವೆತವೋ ಅಚ್ಚಿನ ದೋಷವೋ ಅಂತ ತಿಳಿಯಲು ಆ ಜಾಗದ ಹೊಳಪು ನೋಡಿ. ಹೊಳಪು ಇದ್ದು ಗೆರೆ ಇಲ್ಲದಿದ್ದರೆ ಅಚ್ಚು ಬಿದ್ದಿಲ್ಲ. ಗೆರೆಯೂ ಇಲ್ಲ, ಜಾಗ ನುಣ್ಣಗೆ ಬೂದು ಬಣ್ಣಕ್ಕೆ ತಿರುಗಿದೆ ಅಂದರೆ ಸವೆತ.

ಅಂತರರಾಷ್ಟ್ರೀಯವಾಗಿ 1ರಿಂದ 70ರ ಅಂಕಿ ಕೊಡುತ್ತಾರೆ, 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ತಾಮ್ರದ ಸೆಂಟ್‌ಗಳಿಗೆ ಮಾಡಿದ ಪದ್ಧತಿ. ವಿಎಫ್ 20ರಿಂದ, ಎಕ್ಸ್‌ಎಫ್ 40ರಿಂದ, ಎಯು 50ರಿಂದ, ಚಲಾವಣೆಯಾಗದ್ದು 60ರಿಂದ. ಎನ್‌ಜಿಸಿ, ಪಿಸಿಜಿಎಸ್ ಎಂಬ ಸಂಸ್ಥೆಗಳು ಈ ಅಂಕಿ ಹಾಕಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ಸವೆದ 1918ನ್ನು ಅಲ್ಲಿಗೆ ಕಳಿಸಬೇಡಿ, ಡಬ್ಬಿಯ ಖರ್ಚು ನಾಣ್ಯದ ಬೆಲೆಯನ್ನು ಮೀರಬಹುದು.

ನಿಮ್ಮ ನಾಣ್ಯಕ್ಕೆ ನೀವೇ ಗ್ರೇಡ್ ಕೊಡುವಾಗ ಒಂದು ಮೆಟ್ಟಿಲು ಕೆಳಗೇ ಹಾಕಿ. ನಮ್ಮದು ಅಂದಾಗ ಕಣ್ಣು ಸ್ವಲ್ಪ ಉದಾರವಾಗುತ್ತದೆ ಅಲ್ವಾ.

ಬೆಲೆ ಮುರಿಯುವ ಗಾಯಗಳು

ಸವೆತ ನಾಣ್ಯದ ಸಹಜ ವಯಸ್ಸು. ಸಂಗ್ರಹಕಾರರು ಅದನ್ನು ಒಪ್ಪಿಕೊಳ್ಳುತ್ತಾರೆ, ಅದಕ್ಕೆ ತಕ್ಕ ಬೆಲೆ ಕೊಡುತ್ತಾರೆ. ಒಪ್ಪದೆ ಇರುವುದು ಮನುಷ್ಯರು ಮಾಡಿದ ಗಾಯ. ನಮ್ಮ ಕಡೆ ಅತಿ ಹೆಚ್ಚು ಕಾಣುವುದು ಕೊಂಡಿಯ ಗುರುತು. ರೂಪಾಯಿಗೆ ಕೊಂಡಿ ಬೆಸೆದು ಸರ ಮಾಡಿ ಹಾಕಿಕೊಳ್ಳುತ್ತಿದ್ದರು. ಆಮೇಲೆ ಯಾರೋ ಕೊಂಡಿ ಕಿತ್ತು ಉಜ್ಜಿರುತ್ತಾರೆ. ರಾಜನ ತಲೆಯ ಮೇಲ್ಭಾಗದ ಅಂಚನ್ನು ನೋಡಿ. ಗೀರುಗಳು ಅಲ್ಲಿ ಮಾತ್ರ ಅಳಿಸಿವೆಯಾ, ಬೆಸುಗೆಯ ಬೇರೆ ಬಣ್ಣದ ಲೋಹ ಉಳಿದಿದೆಯಾ, ಅಂಚು ಸ್ವಲ್ಪ ಉಬ್ಬಿದೆಯಾ. ಇದ್ದರೆ ನಾಣ್ಯ ಮುಖದಲ್ಲಿ ಎಷ್ಟೇ ಚೆನ್ನಾಗಿದ್ದರೂ ಬೆಲೆ ಕೆಳಗೆ ಬೀಳುತ್ತದೆ. ತೂತು ಇದ್ದರೆ, ತೂತನ್ನು ತುಂಬಿದ್ದರೆ, ಅದೇ ಗತಿ. ಹಳೆಯ ಕಾಲದ ಸರಾಫರು ಪರೀಕ್ಷೆಗೆ ಒತ್ತಿದ ಪುಟ್ಟ ಮುದ್ರೆಗಳು ಕಂಡರೆ ಅವೂ ಬೆಲೆ ಇಳಿಸುತ್ತವೆ. ನನಗೆ ವೈಯಕ್ತಿಕವಾಗಿ ಅವು ಇಷ್ಟ, ಮಾರುಕಟ್ಟೆಗೆ ಇಷ್ಟವಿಲ್ಲ.

ಎರಡನೆಯದು ತೊಳೆದದ್ದು. ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಗೆಂದು ಬೆಳಗಿದ ರೂಪಾಯಿ ಫಳಫಳ ಅನ್ನುತ್ತದೆ, ನೋಡಲು ಹೊಸದರ ಹಾಗೇ. ಲ್ಯಾಂಪ್ ಕೆಳಗೆ ವಾಲಿಸಿ ನೋಡಿದರೆ ಒಂದೇ ದಿಕ್ಕಿನಲ್ಲಿ ಓಡುವ ಕೂದಲೆಳೆಯಂಥ ಗೀರುಗಳು ಸಾಲಾಗಿ ಎದ್ದು ಕಾಣುತ್ತವೆ. ಹೊಳಪು ಇದೆ, ಆದರೆ ಆ ಚಕ್ರದ ಕಡ್ಡಿ ಸುತ್ತುವುದಿಲ್ಲ, ಎಲ್ಲ ಕಡೆ ಒಂದೇ ಥರ ಬಿಳಿಚಿಕೊಂಡಿರುತ್ತದೆ. ನಿಧಾನವಾಗಿ ಕೂತ ಕಪ್ಪು, ನೀಲಿ, ಕಂದು ಬಣ್ಣದ ಪದರ ಬೆಳ್ಳಿಗೆ ಗಂಧಕ ತಾಗಿ ಆದದ್ದು. ಅದರ ಕೆಳಗೆ ಮೂಲ ಮೈ ಹಾಗೇ ಉಳಿದಿರುತ್ತದೆ. ಉಜ್ಜಿದರೆ ಬಣ್ಣದ ಜೊತೆ ಮೈಯೂ ಹೋಗುತ್ತದೆ, ಮತ್ತೆ ತರಲು ಆಗುವುದಿಲ್ಲ. ಕುಂಕುಮ, ಎಣ್ಣೆ ಜಿಡ್ಡು ಮೆತ್ತಿದ್ದರೆ ಶುದ್ಧ ಅಸಿಟೋನ್‌ನಲ್ಲಿ ನೆನೆಸಿಡಿ. ಅದು ಜಿಡ್ಡನ್ನು ಕರಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಒಲೆ, ದೀಪದಿಂದ ದೂರ, ಕಿಟಕಿ ತೆರೆದು ಮಾಡಿ, ಬೇಗ ಹೊತ್ತಿಕೊಳ್ಳುವ ದ್ರವ ಅದು. ಅಷ್ಟರಲ್ಲಿ ಹೋಗದ ಕಲೆ ಇದ್ದರೆ ಇರಲಿ ಬಿಡಿ.

ಈಗ ಬೆಲೆ

ಮೊದಲು ತಳದ ಬೆಲೆ ಕಂಡುಕೊಳ್ಳಿ. 11.60 ಗ್ರಾಂ ತೂಗುವ 91.7ರ ರೂಪಾಯಿಯಲ್ಲಿ ಸುಮಾರು 10.64 ಗ್ರಾಂ ಬೆಳ್ಳಿ ಇದೆ. ಅವತ್ತಿನ ಗ್ರಾಂ ದರದಿಂದ ಗುಣಿಸಿ. 1940ರ ನಂತರದ್ದಾದರೆ ತೂಕದ ಅರ್ಧಕ್ಕೆ ಗುಣಿಸಿ. ಸವೆದ, ಮಾಮೂಲಿ ಇಸವಿಯ, ಕೊಂಡಿ ಕಿತ್ತ ನಾಣ್ಯಗಳ ಕಥೆ ಇಲ್ಲಿಗೇ ಮುಗಿಯಿತು. ಚಿನಿವಾರರು ಇದರಲ್ಲೂ ಸ್ವಲ್ಪ ಕಡಿದುಕೊಂಡೇ ಕೊಡುತ್ತಾರೆ.

ಅದಕ್ಕಿಂತ ಮೇಲೆ ಬರಬೇಕಾದರೆ ಇಸವಿ ಅಪರೂಪದ್ದಾಗಿರಬೇಕು, ಅಥವಾ ಸ್ಥಿತಿ ಎಕ್ಸ್‌ಎಫ್ ದಾಟಿರಬೇಕು. ಮಾಮೂಲಿ ಇಸವಿಯಲ್ಲೂ ವಿಎಫ್‌ನಿಂದ ಯುಎನ್‌ಸಿಗೆ ಹೋಗುವಾಗ ಬೆಲೆ ಮೆಟ್ಟಿಲು ಏರುವುದಿಲ್ಲ, ಹಾರುತ್ತದೆ. ಅದನ್ನು ತಿಳಿಯಲು ಮಾರಾಟದ ಆ್ಯಪ್‌ಗಳಲ್ಲಿ ಜನ ಹಾಕಿಕೊಂಡ ಬೆಲೆ ನೋಡಬೇಡಿ. ಐದು ಲಕ್ಷ ಅಂತ ಯಾರು ಬೇಕಾದರೂ ಬರೆಯಬಹುದು, ಕೊಂಡವರಾರು? ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾ ಥರದ ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶ ಹುಡುಕಿ, ಅದೇ ಇಸವಿ, ಅದೇ ಟಂಕಸಾಲೆ, ಅದೇ ಗ್ರೇಡಿನ ಮೂರ್ನಾಲ್ಕು ಮಾರಾಟ ಹೋಲಿಸಿ. ಡೀಲರು ನಿಮ್ಮಿಂದ ಕೊಳ್ಳುವಾಗ ಅದಕ್ಕಿಂತ ಸಾಕಷ್ಟು ಕಡಿಮೆ ಹೇಳುತ್ತಾರೆ, ಅವರೂ ಬದುಕಬೇಕಲ್ಲ. ಇಬ್ಬರು ಮೂವರನ್ನು ಕೇಳಿ. ನಾಣ್ಯ ಪ್ರದರ್ಶನಗಳಲ್ಲಿ ಒಂದೇ ಸೂರಿನಡಿ ಹತ್ತಾರು ಡೀಲರುಗಳು ಸಿಗುತ್ತಾರೆ, ಅಲ್ಲಿ ಕೇಳುವುದು ಸುಲಭ.

"ನಿಮ್ಮ ನಾಣ್ಯ ರಿಸರ್ವ್ ಬ್ಯಾಂಕ್ ಕೊಳ್ಳುತ್ತದೆ, ಮೊದಲು ತೆರಿಗೆ, ಕಮಿಷನ್ ಕಟ್ಟಿ" ಅಂತ ಫೋನ್ ಬಂದರೆ ಸುಮ್ನೆ ಕಟ್ ಮಾಡಿ. ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರ ಮಾಡುವುದೇ ಇಲ್ಲ, ತಾನು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಮಾರುವವರೇ ಮೊದಲು ದುಡ್ಡು ಕೊಡಬೇಕು ಅನ್ನುವ ವ್ಯಾಪಾರ ಎಲ್ಲಾದರೂ ಉಂಟಾ?

ವಿದೇಶದಲ್ಲಿರುವ ಮಗನ ಕೈಲಿ ಕಳಿಸಿ ಅಲ್ಲಿ ಮಾರಿಸೋಣ ಅನ್ನುವ ಯೋಚನೆಯೂ ಬೇಡ. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ದೇಶದಿಂದ ಆಚೆ ಒಯ್ಯುವ ಹಾಗಿಲ್ಲ. ಹೊಲ ಅಗೆಯುವಾಗ, ಗೋಡೆ ಕೆಡವುವಾಗ ಮಡಕೆಯಲ್ಲಿ ಸಿಕ್ಕಿದ್ದಾದರೆ ಅದಕ್ಕೆ ನಿಧಿಯ ಕಾನೂನು ಬೇರೆ ಇದೆ, ಸರ್ಕಾರಕ್ಕೆ ತಿಳಿಸಲೇಬೇಕು.

ಮಾರುವುದಿಲ್ಲ, ಇಟ್ಟುಕೊಳ್ಳುತ್ತೇವೆ ಅನ್ನುವವರು ಆಲ್ಬಂ ಕೊಳ್ಳುವಾಗ ಪಿವಿಸಿ ಇಲ್ಲದ್ದು ಕೇಳಿ. ಮೆತ್ತಗೆ, ಘಾಟು ವಾಸನೆ ಬರುವ ಅಗ್ಗದ ಪ್ಲಾಸ್ಟಿಕ್ ಹಾಳೆಯಲ್ಲಿ ಇಟ್ಟರೆ ಕೆಲವು ವರ್ಷದಲ್ಲಿ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಬೇಡಿ, ರಬ್ಬರಿನ ಗಂಧಕಕ್ಕೆ ಬೆಳ್ಳಿಯ ಮೇಲೆ ಕಪ್ಪು ಗೆರೆ ಬೀಳುತ್ತದೆ. ಒಂದೊಂದು ನಾಣ್ಯಕ್ಕೂ ಬೇರೆ ಬೇರೆ ಲಕೋಟೆ, ಮೇಲೆ ಇಸವಿ, ತೂಕ, ಯಾರಿಂದ ಬಂತು ಅನ್ನುವುದನ್ನು ಬರೆದಿಡಿ.